ಕಿರುನಾಲಗೆಯ ಠೇವಣಿ

ಎಂಬತ್ತೆರಡನೇ ಇಸವಿಯಿಂದ ಈವರೆಗೆ ಇಚಿಲಂಪಾಡಿಯ ಮರಗೆಣಸಿಗೆ ಒಂದೇ ಒಂದು ಕಾಡುಹಂದಿ ಬಾಯಿ ಹಾಕಿಲ್ಲ. ಇದು ಸರಕಾರಿ ದಾಖಲೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ ನಾನು, ಆದರೆ ಮೊಹರು ಕಂಡರೆ ಗುರುತು ಸಿಗುತ್ತದೆ.

ಕಾರಣ ನನ್ನ ಗೊರಕೆ. ಈ ದೇವಸ್ಯ ಗೊರಕೆ ಹೊಡೆದರೆ ಸಂಪಾಜೆ ಘಾಟಿಯಲ್ಲಿ ಲಾರಿಗಳು ಬದಿಗೆ ಸರಿದು ದಾರಿ ಬಿಡುತ್ತಿದ್ದವು ಎನ್ನುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಎರಡೇ ಲಾರಿ.

ಬೆಳೆ ಕಾಯುವ ಆಯುಧಕ್ಕೆ ಲೈಸೆನ್ಸ್ ಬೇಕಲ್ಲ, ಠಾಣೆಯ ಹೆಡ್ ಕಾನ್‌ಸ್ಟೇಬಲ್ ಪ್ರೇಮನಾಥರು ಮನೆಗೇ ಬಂದರು. ಅವರಲ್ಲಿ ಇದ್ದದ್ದು ಕೋವಿಯ ಫಾರಂ ಮಾತ್ರ.

“ನಳಿಗೆ ಎಷ್ಟು?”

“ಎರಡು,” ಎಂದು ಮೂಗು ತೋರಿಸಿದೆ.

“ತಯಾರಿಸಿದವರು?”

“ನನ್ನ ಅಮ್ಮ.”

“ಎಲ್ಲಿ?”

“ಕೇರಳದ ಪಾಲಾದಲ್ಲಿ.”

“ಹೊರರಾಜ್ಯದ ಮಾಲು,” ಎಂದು ಬರೆದುಕೊಂಡು ಮೊಹರು ಒತ್ತಿದರು.

ಎರಡು ವರ್ಷದಲ್ಲಿ ತೊಂದರೆ ಶುರುವಾಯಿತು. ಗೊರಕೆಯ ನಡುವೆ ನನ್ನ ಉಸಿರೇ ನಿಲ್ಲುತ್ತಿತ್ತು. ಹೆಂಡತಿ ಅಚ್ಚಾಮ್ಮ ಪಕ್ಕದಲ್ಲಿ ಮಾತೆ ಮರಿಯಮ್ಮನ ಪ್ರಾರ್ಥನೆ ಹೇಳುತ್ತಾ ಅಳೆಯುತ್ತಿದ್ದಳು. ಮೊದಲು ಒಂದು ಪ್ರಾರ್ಥನೆಯಷ್ಟು ಹೊತ್ತು, ಆಮೇಲೆ ನಾಲ್ಕು. “ಐದಾದರೆ ನಾನು ವಿಧವೆ,” ಎಂದು ನನ್ನನ್ನು ಮಂಗಳೂರಿಗೆ ಎಳೆದುಕೊಂಡು ಹೋದಳು.

ಡಾಕ್ಟರ್ ಕುಮುದಿನಿ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು. “ಅಂಗುಳದ ಹಿಂಭಾಗ ಮೆತ್ತಗೆ ಇರುತ್ತದೆ, ಅದಕ್ಕೆ ಎಲುಬಿಲ್ಲ. ನಿಮ್ಮದು ಪರದೆಯ ಹಾಗೆ ಜೋತುಬಿದ್ದು, ಮಲಗಿದಾಗ ಗಂಟಲನ್ನು ಮುಚ್ಚುತ್ತದೆ. ಅದರ ಅಂಚನ್ನೂ ಕಿರುನಾಲಗೆಯನ್ನೂ ಕತ್ತರಿಸಿ ಹೊಲಿಯಬೇಕು. ಇಷ್ಟು ದೊಡ್ಡದು ನಾನು ನೋಡಿಯೇ ಇಲ್ಲ.”

ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಆದರೆ ಪ್ರೇಮನಾಥರು ಒಪ್ಪಲಿಲ್ಲ. “ಲೈಸೆನ್ಸ್ ಇರುವ ಆಯುಧವನ್ನು ಗಿಡ್ಡ ಮಾಡುದು ಅಪರಾಧ, ಮಾರಾಯ್ರೆ.”

ನೆರೆಯ ಬೋಜಪ್ಪನೂ ತಕರಾರು ಅರ್ಜಿ ಹಿಡಿದುಕೊಂಡು ಬಂದ. “ನನ್ನ ಗೆಣಸಿನ ಗತಿ ಎಂತ? ಕೀಳುವವರೆಗೆ ಸ್ವಲ್ಪ ಉಸಿರು ಹಿಡಿದುಕೊಳ್ಳಿ, ದೇವಸ್ಯಣ್ಣ.”

“ಹಿಡಿದುಕೊಳ್ಳುದೇ ರೋಗ, ಮಾರಾಯ!” ಎಂದಳು ಅಚ್ಚಾಮ್ಮ.

ಅಷ್ಟರಲ್ಲಿ ಚುನಾವಣೆ ಬಂತು. ನಮ್ಮಲ್ಲಿ ಚುನಾವಣೆ ಬಂದರೆ ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು. ನೋಟೀಸು ಅಂಟಿಸಿದರು: “ಬೆಳೆ ರಕ್ಷಣೆಯ ಸಕಲ ಆಯುಧಗಳನ್ನು ಏಳು ದಿನಗಳೊಳಗೆ ಠೇವಣಿ ಇಡತಕ್ಕದ್ದು. ಯಾರಿಗೂ ವಿನಾಯಿತಿ ಇರುವುದಿಲ್ಲ.”

ಚಾಪೆ ಸುತ್ತಿಕೊಂಡು ಅಚ್ಚಾಮ್ಮನ ಜೊತೆ ಠಾಣೆಗೆ ಹೋದೆ. ಪ್ರೇಮನಾಥರು ಬಾಗಿಲಲ್ಲೇ ತಡೆದರು. “ಠಾಣೆಯಲ್ಲಿ ನಿದ್ರೆ ಸಿಬ್ಬಂದಿಗೆ ಮಾತ್ರ. ಆಯುಧ ಇಟ್ಟು ನೀವು ಹೊರಡಿ.”

“ಕತ್ತರಿಸದೆ ಇಡುದು ಹೇಗೆ, ನೀವೇ ಹೇಳಿ,” ಎಂದಳು ಅಚ್ಚಾಮ್ಮ.

ಪ್ರೇಮನಾಥರು ಪುಸ್ತಕ ತಿರುವಿ ಹಾಕಿದರು. ಗಿಡ್ಡ ಮಾಡುದು ಅಪರಾಧ, ಠೇವಣಿಗಾಗಿ ಕಳಚುದು ಕರ್ತವ್ಯ. ಡಾಕ್ಟರಿಗೆ ತುರ್ತು ಪತ್ರ ಬರೆದರು.

ಏಳನೇ ದಿನ, ಡಾಕ್ಟರು ಕತ್ತರಿಸಿ ಹಾಕಿಕೊಟ್ಟ ಬಾಟಲಿಯನ್ನು ಅಚ್ಚಾಮ್ಮ ಠಾಣೆಗೆ ಮುಟ್ಟಿಸಿದಳು. ಮೂವತ್ತು ಕೋವಿಗಳ ಸಾಲಿನಲ್ಲಿ ನನ್ನ ಕಿರುನಾಲಗೆ ನಿಂತಿತು. ರಶೀದಿಯಲ್ಲಿ ಹೀಗಿತ್ತು: “ಜೋಡಿನಳಿಗೆ, ಒಂದು. ಸ್ಥಿತಿ: ಒದ್ದೆ.”

ಮತ ಎಣಿಕೆ ಮುಗಿದ ಮೇಲೆ ಬಾಟಲಿಯನ್ನು ಮರ್ಯಾದೆಯಿಂದ ವಾಪಸು ಕೊಟ್ಟರು. ನನಗೀಗ ಮಗುವಿನ ನಿದ್ರೆ. ಅಚ್ಚಾಮ್ಮ ಒಂದೇ ಪ್ರಾರ್ಥನೆ ಹೇಳಿ ಮಲಗುತ್ತಾಳೆ.

ಬೋಜಪ್ಪನ ಗೆಣಸು ಒಂದೇ ವಾರದಲ್ಲಿ ನೆಲಸಮವಾಯಿತು. ಪರಿಹಾರ ಕೇಳಿದಾಗ ಸರಕಾರದಿಂದ ಉತ್ತರ ಬಂತು: “ದೇವಸ್ಯರ ಲೈಸೆನ್ಸ್ ಚಾಲ್ತಿಯಲ್ಲಿರುವುದರಿಂದ ಹಂದಿ ಬಂದಿರುವುದಿಲ್ಲ.” ಬೋಜಪ್ಪ ಎರಡು ಸಲ ಓದಿಸಿಕೊಂಡ. “ಹೌದಲ್ಲ,” ಎಂದು ರುಜು ಹಾಕಿದ. ಈಗ ಗೆಣಸನ್ನು ಕಡಬದ ಸಂತೆಯಿಂದ ತರುತ್ತಾನೆ.

ಪ್ರತಿವರ್ಷ ಲೈಸೆನ್ಸ್ ನವೀಕರಣಕ್ಕೆ ಬಾಟಲಿ ಹಿಡಿದುಕೊಂಡು ಹೋಗುತ್ತೇವೆ.

“ಕೆಲಸ ಮಾಡ್ತದಾ?” ಎಂದು ಠಾಣೆಯವರು ಕೇಳುತ್ತಾರೆ.

“ಮೊದಲಿಗಿಂತ ಚಂದ,” ಎನ್ನುತ್ತಾಳೆ ಅಚ್ಚಾಮ್ಮ.

ಮೊಹರು ಬೀಳುತ್ತದೆ.