ನನ್ನ ಸೋಮವಾರದ ಮೌನ

ನನಗೆ ನನ್ನ ಕೆಟ್ಟ ಚಟಗಳ ಭಯವಿಲ್ಲ. ನಶ್ಯ ಏರಿಸುವಾಗ ನಾನು ಮಾಡುತ್ತಿರುವುದೇನೆಂದು ನನಗೆ ಚೆನ್ನಾಗಿ ಗೊತ್ತಿರುತ್ತದೆ. ನನಗೆ ಭಯವಿರುವುದು ನನ್ನ ಭಕ್ತಿಯದ್ದು.

ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪ್ರತಿ ಸೋಮವಾರ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮೌನವ್ರತ. ಹಣೆ ತುಂಬ ವಿಭೂತಿ ಬಳಿದುಕೊಂಡು ಬಾಯಿ ಮುಚ್ಚಿ ಕುಳಿತ ನನ್ನನ್ನು ಕಂಡು ಸಂತೆಕಲ್ಲೂರಿನಿಂದ ಬಂದ ರೈತರು ದನಿ ತಗ್ಗಿಸುತ್ತಿದ್ದರು. ಸುಳ್ಳೇಕೆ, ಅದು ನನಗೆ ಬಹಳ ರುಚಿಸುತ್ತಿತ್ತು.

ಅಂಥದೇ ಒಂದು ಸೋಮವಾರ, ಸಾಲಗುಂದದ ಹೊಲಗಳ ನಕ್ಷೆ ಹರಡಿಕೊಂಡು ಕುಳಿತಿದ್ದಾಗ ಮೊಣಕೈ ತಾಗಿ ಮಸಿಯ ದೌತಿ ಉರುಳಿತು. ಅರ್ಧ ಊರು ಕಪ್ಪಾಯಿತು. ಗಾಬರಿಯಾಗಿ ಒರೆಸುವ ಬಟ್ಟೆ ಹುಡುಕಲು ಹೊರಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ, ಪಕ್ಕದ ಮೇಜಿನ ಮಹಬೂಬ ಸಾಬ ತನ್ನ ಕರವಸ್ತ್ರದಿಂದಲೇ ನಕ್ಷೆ ಒರೆಸುತ್ತಿದ್ದ. ಎದುರಿಗೆ ನಮ್ಮ ಕಚೇರಿಯ ದೊಡ್ಡ ಸಾಹೇಬರು ನಿಂತಿದ್ದರು.

"ನಾ ಚೆಲ್ಲಿಲ್ರೀ ಸಾಹೇಬ್ರ. ನಾ ನೋಡಿದಾಗ ಚೆಲ್ಲಿತ್ರೀ," ಎನ್ನುತ್ತಿದ್ದ ಅವನು.

ಸಾಹೇಬರು ನನ್ನತ್ತ ತಿರುಗಿದರು. "ಕೌನ್ ಗಿರಾಯಾ?" ಚೆಲ್ಲಿದವರು ಯಾರು?

ಬಾಯಿ ತೆರೆದೆ, ಅಷ್ಟರಲ್ಲಿ, ಪುಣ್ಯಕ್ಕೆ, ವ್ರತ ನೆನಪಾಯಿತು. ತುಟಿಯ ಮೇಲೆ ಬೆರಳಿಟ್ಟು ಮೇಲಕ್ಕೆ ಕೈ ತೋರಿಸಿದೆ.

"ಇವತ್ತ ಅವರದು ಮೌನ ಐತ್ರಿ," ಎಂದು ನನ್ನ ಪರವಾಗಿ ಹೇಳಿದವನು ಮಹಬೂಬ ಸಾಬನೇ!

ನಾಳೆ ಈ ಮಹಬೂಬನನ್ನು ನೌಕರಿಯಿಂದ ತೆಗೆಯುವ ಹುಕುಂ ಬರೆಯುತ್ತೇನೆ ಎಂದು ಹೇಳಿ ಸಾಹೇಬರು ಹೋದರು. ಮುಂದಿನ ತಿಂಗಳು ಅವನ ಮಗಳ ಮದುವೆಯಿತ್ತು.

ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತು ಸೂರ್ಯನನ್ನೇ ನೋಡಿದೆ. ನಿಧಾನಕ್ಕೆ ಮುಳುಗಲಿ ಎಂದು ಬೇಡಿಕೊಂಡೆ. ಮುಳುಗಿಯೇಬಿಟ್ಟ. ಆಗ ಮನಸ್ಸು ಮೆತ್ತಗೆ ಹೇಳಿತು: ಈ ವಾರ ಮಂಗಳವಾರವೂ ಮೌನ ಹಿಡಿದರೆ ಪುಣ್ಯ ಎಷ್ಟಾದೀತು! ನಡೆದದ್ದನ್ನೂ ಈ ಹೊಸ ಸಂಕಲ್ಪವನ್ನೂ ಪಾಟಿಯ ಮೇಲೆ ಬರೆದು ಹೆಂಡತಿ ಗಂಗವ್ವನ ಮುಂದೆ ಹಿಡಿದೆ. ಓದಿದವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬಾಯಿ ಮುಚ್ಚು ಅಂತ ಶಿವ ಹೇಳ್ಯಾನೋ, ನಿಮ್ಮ ಹೆದರಿಕಿ ಹೇಳೈತೋ? ಮಹಬೂಬ ಸಾಬರ ಮನ್ಯಾಗ ಇವತ್ತ ಒಲಿ ಹಚ್ಯಾರೋ ಇಲ್ಲೋ. ಎದ್ದು ಹೋಗ್ರೀ!"

ಹೋದೆ. ಸಾಹೇಬರ ಬಂಗಲೆಯ ಮೆಟ್ಟಿಲು ಹತ್ತಿದೆ. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಮಹಬೂಬ ಸಾಬನ ನೌಕರಿ ಉಳಿಯಿತು. ನನ್ನನ್ನು ಸಿಂಧನೂರಿಗೆ ಎತ್ತಿ ಹಾಕಿದರು.

ಅಲ್ಲಿ ನನ್ನ ಸತ್ಯಸಂಧತೆಯ ಈ ಕತೆಯನ್ನು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಗಂಗವ್ವ ನನ್ನನ್ನು ಎಬ್ಬಿಸಿ ಕಳಿಸಿದ ಭಾಗವನ್ನು ಮಾತ್ರ ಇವತ್ತೇ ಮೊದಲ ಸಲ ಹೇಳುತ್ತಿರುವುದು.