ಕೀಲೆಣ್ಣೆ ಕುಡಿದ ಫ್ರೀವೀಲು

ನನ್ನ ಹೆಂಡತಿ ವಿಮಲಳಿಗೆ ದಿವ್ಯದೃಷ್ಟಿ ಇದೆಯೆಂದು ನಾನು ಬಹಳ ಕಾಲ ನಂಬಿದ್ದೆ. ಆಫೀಸಿನಿಂದ ಬೇಗ ಬರಲಿ, ತಡವಾಗಿ ಬರಲಿ, ನಾನು ಹೊಸಿಲು ದಾಟುವ ಹೊತ್ತಿಗೆ ಹಬೆಯಾಡುವ ಕಾಫಿ ಕೈಗೆ ಬರುತ್ತಿತ್ತು. ಗಂಡನ ಆಗಮನವನ್ನು ಪತಿವ್ರತೆಯ ಹೃದಯ ಮೊದಲೇ ಅರಿಯುತ್ತದೆ ಎಂದು ಆಫೀಸಿನಲ್ಲಿ ಭಾಷಣವನ್ನೇ ಬಿಗಿದಿದ್ದೆ! ಮದುವೆಯಾಗದ ಗುಮಾಸ್ತನೊಬ್ಬ ಕಣ್ಣೊರೆಸಿಕೊಂಡಿದ್ದ.

ಆ ಪತಿವ್ರತೆ ಈಗ ಕೆಂಗೇರಿಯ ತವರಿನಲ್ಲಿ ಕೂತಿದ್ದಳು. ಕಾರಣ, ನಾನು ಮದುವೆಯ ವರ್ಷವೇ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ದಿನಾ ಆಫೀಸಿಗೆ ತುಳಿಯುತ್ತಿದ್ದ ಸೈಕಲ್ಲಿನ ಚೈನು. ಮಾಗಡಿ ರಸ್ತೆಯಲ್ಲಿ ಕ್ಯಾರಿಯರ್ ಮೇಲೆ ಕೂತಿದ್ದವಳ ಹೊಸ ಸೀರೆಯ ಸೆರಗನ್ನು ಅದು ಕಚ್ಚಿ, ಅಗಿದು, ಮಸಿ ಬಳಿದು ಉಗುಳಿತ್ತು.

"ಒಗೆದರೆ ಹೋಗುತ್ತೆ ಬಿಡೇ" ಎಂದೆ.

"ಏನು ಹೋಗುತ್ತೆ? ತೂತಾ?"

ನಾನು ತೂತನ್ನು ಬೆರಳಿನಿಂದ ಮುಚ್ಚಿ ನೋಡಿದೆ. "ಆ ದರಿದ್ರ ಸೈಕಲ್ಲು ನೆಟ್ಟಗಾಗೋವರೆಗೂ ನಾನು ಈ ಮನೆಗೆ ಕಾಲಿಡಲ್ಲ" ಎಂದವಳು ಬಸ್ಸು ಹತ್ತಿಯೇಬಿಟ್ಟಳು.

ರಾಜಾಜಿನಗರ ಆಗಿನ್ನೂ ನಗರವಾಗಿರಲಿಲ್ಲ. ಸೈಟಿನ ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಸಂಜೆ ಬೀಗ ತೆಗೆದರೆ ನನ್ನನ್ನು ಎದುರುಗೊಳ್ಳುತ್ತಿದ್ದುದು ಬೆಳಿಗ್ಗೆ ನಾನೇ ಕುಡಿದಿಟ್ಟು ಹೋದ ಲೋಟ. ಅಭ್ಯಾಸಬಲದಿಂದ "ಬಂದೆ ಕಣೇ" ಎಂದು ಕೂಗಿದರೆ ಖಾಲಿ ಕೋಣೆ "...ಕಣೇ" ಎಂದು ನನ್ನನ್ನೇ ಹೆಂಡತಿ ಮಾಡುತ್ತಿತ್ತು!

ಶನಿವಾರ ಮಧ್ಯಾಹ್ನ ಭೀಷ್ಮನಿಗೂ ನಾಚಿಕೆಯಾಗುವಂಥ ಪ್ರತಿಜ್ಞೆ ಮಾಡಿದೆ. ಈ ಸೈಕಲ್ಲನ್ನು ಬಿಚ್ಚಿ, ತೊಳೆದು, ನಾಳೆ ಪುಷ್ಪಕ ವಿಮಾನದಂತೆ ಕೆಂಗೇರಿಯಲ್ಲಿ ಇಳಿಸುತ್ತೇನೆ!

ಸಾರಿನ ಪಾತ್ರೆಗೆ ಸೀಮೆಎಣ್ಣೆ ಸುರಿದು ಚೈನನ್ನು ಮುಳುಗಿಸಿದೆ. ತೆಂಗಿನ ನಾರಿನಿಂದ ಕೊಂಡಿ ಕೊಂಡಿಯನ್ನೂ ಉಜ್ಜಿದೆ. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಅದರೊಂದಿಗೇ ಮಾತಿಗಿಳಿದೆ. "ಯಾಕಪ್ಪಾ, ನಿನಗೆ ಆ ಸೀರೆಯೇ ಬೇಕಾಗಿತ್ತೇ?" ಅದು ಕರಿನೀರು ಕಕ್ಕಿತು. ಪಶ್ಚಾತ್ತಾಪವೆಂದು ತಿಳಿದೆ. ಪೆಡಲಿನ ಬಳಿಯ ಹಲ್ಲುಚಕ್ರವನ್ನು ದಂತವೈದ್ಯನ ಗತ್ತಿನಲ್ಲಿ ಬೆರಳಾಡಿಸಿ ಪರೀಕ್ಷಿಸಿದೆ. ಅದರ ಹಲ್ಲುಗಳು ಸವೆದಿದ್ದವು ನಿಜ, ಆದರೂ ನನ್ನ ಹಲ್ಲುಗಳಿಗಿಂತ ಗಟ್ಟಿ!

ಉಳಿದದ್ದು ಹಿಂದಿನ ಚಕ್ರದ ಫ್ರೀವೀಲು. ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ಲು ಓಡುವುದು ಅದರಿಂದ. ಹಾಗೆ ಓಡುವಾಗ ಬೀದಿಗೆಲ್ಲ ಕೇಳುವಂತೆ ಕಿಟಕಿಟಕಿಟ ಎಂದು ಹಲ್ಲು ಕಡಿಯುವುದೂ ಅದೇ. ರೋಗದ ಮೂಲ ಇದೇ ಎಂದು ತೀರ್ಪು ಕೊಟ್ಟೆ. ಸೀಮೆಎಣ್ಣೆ ಕುಡಿಸಿದೆ. ಸದ್ದು ಇನ್ನೂ ಜೋರಾಯಿತು!

ಅಷ್ಟರಲ್ಲಿ ಕುರುಬರಹಳ್ಳಿಯ ದೊಡ್ಡಹನುಮಯ್ಯ ಎತ್ತಿನ ಗಾಡಿ ನಿಲ್ಲಿಸಿದರು. ನಮ್ಮ ಬೀದಿಯ ಒಲೆಗಳಿಗೆಲ್ಲ ಸೌದೆ ತಂದು ಹಾಕುವವರು ಅವರೇ.

"ಏನ್ ಸ್ವಾಮೇರಾ, ಸಾರಿನ್ ಪಾತ್ರೇಲಿ ಸೈಕಲ್ ಬೇಯಿಸ್ತಾ ಇದೀರಾ? ಅಮ್ಮಾವ್ರು ಇನ್ನೂ ಬರ್ನಿಲ್ವಾ?"

"ಇದರ ಬಾಯಿ ಮುಚ್ಚಿಸಿದರೆ ಬರ್ತಾರೆ ಗೌಡ್ರೇ!"

"ಅಷ್ಟೇಯಾ?" ಎಂದವರೇ ಗಾಡಿಯ ಕೆಳಗೆ ತೂಗಾಡುತ್ತಿದ್ದ ಬಿದಿರಿನ ಗೊಟ್ಟ ಬಿಚ್ಚಿದರು. ಒಳಗೆ ಗಾಡಿಯ ಅಚ್ಚಿಗೆ ಸವರುವ ಕಪ್ಪನೆಯ ಕೀಲೆಣ್ಣೆ. "ಇದ್ ಹಾಕಿ. ನಮ್ ಗಾಡಿ ಹಿಂದ್ಗಡೆ ಬತ್ತಾ ಐತೋ ಇಲ್ವೋ ಅಂತ ನಾನೇ ತಿರುಗಿ ನೋಡ್ಬೇಕು, ಅಂಗೆ ನುಣ್ಣಗೆ ಓಯ್ತದೆ!"

ಬಿಸಿ ಮಾಡಿ ಫ್ರೀವೀಲಿನ ಸಂದಿಯೊಳಗೆ ಧಾರಾಳವಾಗಿ ಸುರಿದೆ. ಆರಿದ ಮೇಲೆ ಚಕ್ರ ತಿರುಗಿಸಿದರೆ, ಮೌನ! ಮನೆಯಲ್ಲಿ ಬೇಕಾದಷ್ಟು ಇದ್ದ ವಸ್ತುವನ್ನೇ ಇನ್ನಷ್ಟು ತಯಾರಿಸಿಕೊಂಡಿದ್ದೆ. ಆದರೂ ಬೀಗಿದೆ.

ಭಾನುವಾರ ಇಸ್ತ್ರಿ ಷರಟು ತೊಟ್ಟು, ಕ್ಯಾರಿಯರಿಗೆ ಮೆತ್ತೆ ಕಟ್ಟಿ ಹೊರಟೆ. ಮನೆ ಮುಂದಿನ ಇಳಿಜಾರಿನಲ್ಲಿ ಗಂಧರ್ವನಂತೆ ತೇಲಿದೆ. ಏರು ಬಂತು, ತುಳಿದೆ. ಕಾಲು ತಿರುಗಿತು, ಚೈನು ತಿರುಗಿತು, ಹಿಂದಿನ ಚಕ್ರ ಮಾತ್ರ ನನಗೂ ಅದಕ್ಕೂ ಸಂಬಂಧವೇ ಇಲ್ಲದಂತೆ ನಿಂತಿತು! ಫ್ರೀವೀಲಿನೊಳಗೆ ಕಿಟಕಿಟ ಎನ್ನುವ ಪುಟ್ಟ ನಾಲಗೆಗಳಿರುತ್ತವೆ. ಚಕ್ರವನ್ನು ಹಿಡಿದು ತಳ್ಳುವುದೂ ಅವೇ. ಅವು ಕೀಲೆಣ್ಣೆ ಕುಡಿದು ಮತ್ತೇರಿ, ಅಂಟಿಕೊಂಡು ಮಲಗಿಬಿಟ್ಟಿದ್ದವು.

ಬಸ್ಸು ಹಿಡಿಯಬಹುದಿತ್ತು. ಆದರೆ ಸೈಕಲ್ಲಿಲ್ಲದೆ ಹೋದರೆ ಅವಳು ಬಂದಾಳೇ? ಏರಿನಲ್ಲಿ ತಳ್ಳಿದೆ. ಇಳಿಜಾರಿನಲ್ಲಿ ಹತ್ತಿದೆ. ಮೈಸೂರು ರಸ್ತೆಯಲ್ಲಿ ಇಳಿಜಾರು ಇಷ್ಟು ಅಪರೂಪವೆಂದು ಅಂದೇ ತಿಳಿದದ್ದು. ಪಕ್ಕದಲ್ಲಿ ದಂಪತಿಗಳನ್ನು ಹೊತ್ತ ಸೈಕಲ್ಲುಗಳು ಕಿಟಕಿಟ ಎನ್ನುತ್ತಾ ದಾಟಿ ಹೋದವು. ಕ್ಯಾರಿಯರಿನ ಖಾಲಿ ಮೆತ್ತೆಯನ್ನು ಕರವಸ್ತ್ರದಿಂದ ಮುಚ್ಚಿದೆ.

ಕೆಂಗೇರಿ ತಲುಪಿದಾಗ ಊಟದ ಹೊತ್ತು ಮೀರಿತ್ತು. ವಿಮಲ ಅಂಗಳದಲ್ಲಿ ನನಗೆ ಬೆನ್ನು ಹಾಕಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಹಿಂದೆಯೇ ಹೋಗಿ ನಿಂತೆ. ತಿರುಗಲಿಲ್ಲ. ಪತಿವ್ರತೆಯ ಹೃದಯಕ್ಕೆ ಏನೂ ತಿಳಿಯಲಿಲ್ಲ! ಆ ಖಾಲಿ ಕೋಣೆಯಲ್ಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

ಅತ್ತೆ ಬಾಗಿಲಿಗೆ ಬಂದರು. "ಅಯ್ಯೋ, ಅಳಿಯಂದ್ರು! ಈಗ ಬಂದ್ರಾ? ದಿನಾ ಸಾಯಂಕಾಲ ಇವಳು ಎರಡು ಲೋಟ ಕಾಫಿ ಸೋಸಿ, ಒಂದನ್ನ ಹಾಗೇ ಆರೋಕೆ ಬಿಟ್ಟು ಕೂತಿರ್ತಾಳೆ ಕಣಪ್ಪಾ."

ವಿಮಲ ಬೆಚ್ಚಿ ತಿರುಗಿದಳು. "ಏನ್ರೀ ಇದು, ಕಳ್ಳನ ಹಾಗೆ ಬಂದು ನಿಂತಿದೀರಾ!"

ಆ ಎರಡನೆಯ ಲೋಟದ ಸುದ್ದಿ ನನ್ನ ತಲೆಗೇರಿತ್ತು. ಅಂಥ ತಲೆಯಿಂದ ವಿವೇಕದ ಮಾತು ಬರುವುದಿಲ್ಲ.

"ವಿಮಲಾ, ಇಷ್ಟು ವರ್ಷ ನಾನು ಬರೋದನ್ನ ನಿನ್ನ ಹೃದಯ ಮೊದಲೇ ಹೇಳ್ತಿತ್ತಲ್ಲೇ! ಇವತ್ತು ಯಾಕೆ ಹೇಳಲಿಲ್ಲ?"

ಅವಳು ನನ್ನ ಕಪ್ಪು ಕೈಗಳನ್ನು ನೋಡಿದಳು. ಸೈಕಲ್ಲಿನ ಹಿಂಭಾಗ ಎತ್ತಿ ಚಕ್ರವನ್ನು ಒಮ್ಮೆ ತಿರುಗಿಸಿದಳು. ಸದ್ದಿಲ್ಲ.

"ಹೃದಯ ಯಾವತ್ತು ಹೇಳಿತ್ತು? ಬೀದಿ ತುದೀಲಿ ಈ ಚಕ್ರ ಕಿಟಕಿಟ ಅಂದ್ರೆ ನಾನು ಒಲೆ ಮೇಲೆ ಹಾಲಿಡ್ತಿದ್ದೆ, ಅಷ್ಟೇ. ಮೊದಲು ಅದಕ್ಕೆ ಏನು ಮಾಡಿದೀರೋ ತೊಳ್ಕೊಂಡು ಬನ್ನಿ. ಕಿಟಕಿಟ ಅಂದ ದಿನ ಹತ್ತಿ ಕೂರ್ತೀನಿ."