ಆಟಕ್ಕೆ ಬಂದ ಗೊರವಪ್ಪ

ಬಾಯಿ ಮುಚ್ಚಿಕೊಂಡು ಕೂರುವ ಯೋಗ ನನ್ನ ಜಾತಕದಲ್ಲಿಲ್ಲ. ಹಡಗಲಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಶಾಲೆಯಲ್ಲಿ ನನ್ನ ಮಾತು ನಿಲ್ಲಿಸಲು ಗಂಟೆಯಾದರೂ ಇತ್ತು. ಮನೆಯಲ್ಲಿ ಅದೂ ಇಲ್ಲ.

ಮಗಳು ಸುಮಾ ಭಾನುವಾರಗಳಂದು ಕಾಲೇಜಿನ ಗೆಳತಿಯರನ್ನು ಕೂಡಿಸಿಕೊಂಡು ಒಂದು ಆಟ ಆಡುತ್ತಾಳೆ. ಕಾಗದ, ಪೆನ್ಸಿಲು, ಇಪ್ಪತ್ತು ಮುಖದ ದಾಳ, ಇಷ್ಟೇ ಸಾಮಾನು. ಒಬ್ಬಳು ಯೋಧ, ಒಬ್ಬಳು ಮಂತ್ರವಾದಿ, ಇನ್ನೊಬ್ಬಳು ಹಾಡುಗಾರ. ಸುಮಾ ಹೇಳುವ ಕಥೆಯೊಳಗೆ ಹೊಕ್ಕು ಎಲ್ಲರೂ ರಾಕ್ಷಸರನ್ನು ಎದುರಿಸಬೇಕು. ನನಗೂ ಆಸೆಯಾಗಿ ಸೇರಿಕೊಂಡೆ. ಮೊದಲ ವಾರವೇ ಎಬ್ಬಿಸಿ ಕಳಿಸಿದರು. ಯೋಧನಾಗಿದ್ದ ನಾನು ಕತ್ತಿ ಎತ್ತುವ ಮೊದಲು ಕತ್ತಿಯ ಇತಿಹಾಸ ಎತ್ತಿಕೊಂಡಿದ್ದೆನಂತೆ.

"ಇದು ಕಡೀ ಚಾನ್ಸು ನೋಡಪ್ಪಾ. ಪಾಠ ಶುರು ಮಾಡಿದ್ರ ನಿನ್ನ ಜಾಗ ಹೋತು" ಎಂದಳು ಸುಮಾ, ನಾನು ಮತ್ತೆ ಕಾಡಿ ಬೇಡಿದ ಮೇಲೆ.

ಹೇಳಿದರೇನು, ವಾರವಿಡೀ ಆ ಪಾತ್ರಗಳ ಮೂಲ ಹುಡುಕಿ ಓದಿದೆ. ಓದಿದಷ್ಟೂ ಬೆರಗು. ಉತ್ತರದ ಹಿಮದ ನಾಡಿನಲ್ಲಿ ಕರಡಿಯ ಚರ್ಮ ಹೊದ್ದು ಆವೇಶ ಬಂದವರಂತೆ ಕಾದಾಡುವ ವೀರರಿದ್ದರಂತೆ. ಪಶ್ಚಿಮದ ದ್ವೀಪಗಳಲ್ಲಿ ರಾಜರೂ ಹೆದರುವಂತೆ ಹಾಡು ಕಟ್ಟಿ ಬೈಯುವ ಕವಿಗಳಿದ್ದರಂತೆ. ಇಂಥವರನ್ನೆಲ್ಲ ಒಂದು ದಾಳದ ಸುತ್ತ ಕೂರಿಸಿದ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಭಾನುವಾರ ಒಬ್ಬ ಗೆಳತಿ ಬರಲಿಲ್ಲ. ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವನನ್ನೇ ಸುಮಾ ಕರೆದಳು.

"ಅಜ್ಜೀ, ನೀ ಯಾರಾಗ್ತಿ?"

"ನಮ್ಮಪ್ಪ ಆಗ್ತೀನಿ" ಎಂದಳು ಅವ್ವ.

ಅವ್ವನ ತವರು ಮೈಲಾರ. ಅವಳ ಅಪ್ಪ ಮೈಲಾರಲಿಂಗನ ದೀಕ್ಷೆ ಪಡೆದ ಗೊರವಪ್ಪ. "ಬರಕೋ ಮತ್ತ" ಎಂದು ಅವ್ವ ಹೇಳುತ್ತಾ ಹೋದಳು. "ಮೈಮ್ಯಾಲ ಕರೀ ಕಂಬಳಿ, ತಲಿಮ್ಯಾಲ ಕರಡಿ ಕೂದ್ಲಿನ ಟೊಪ್ಪಿಗಿ. ಕೈಯಾಗ ಡಮರುಗ, ಬಗಲಾಗ ಭಂಡಾರದ ಚೀಲ, ಅಂದ್ರ ಸ್ವಾಮಿ ಅರಿಷಿಣ. ಕುಣೀತಾನ, ಹಾಡ್ತಾನ, ಜಡ್ಡಾದವ್ರಿಗೆ ಭಂಡಾರ ಹಚ್ತಾನ. ಮಲ್ಲಾಸುರನ್ನ ಕೊಲ್ಲಾಕ ಸ್ವಾಮಿ ಕೂಡ ಹೋದ ಏಳು ಕೋಟಿ ದಂಡಿನ್ಯಾಗ ನಮ್ಮೋರೂ ಇದ್ರು."

ಸುಮಾಳ ಪೆನ್ಸಿಲು ನಿಂತಿತು. ಯೋಧ, ಹಾಡುಗಾರ, ವೈದ್ಯ ಎಲ್ಲವೂ ಒಬ್ಬನೇ ಆದವನನ್ನು ಯಾವ ಕಾಲಂನಲ್ಲಿ ಬರೆಯುವುದು? "ಅಜ್ಜೀ, ನಿಮ್ಮಪ್ಪ ಭಾರಿ ಅದಾನ ಬಿಡು" ಎಂದಳು.

ಅಷ್ಟರಲ್ಲಿ ಕಥೆಯಲ್ಲಿ ಗುಹೆಯಿಂದ ರಾಕ್ಷಸ ಹೊರಬಂದ. ನನಗೆ ತಡೆಯಲಾಗಲಿಲ್ಲ. "ನೋಡ್ರವ್ವಾ, ಆ ಹಿಮದ ನಾಡಿನ ಕರಡಿ ಚರ್ಮಕ್ಕೂ ನಮ್ಮ ಟೊಪ್ಪಿಗಿಗೂ..." ಎಂದು ಶುರುವಿಟ್ಟೆ. ಹತ್ತು ನಿಮಿಷವಾಗಿರಬೇಕು. ರಾಕ್ಷಸ ಪಾಪ ಬಾಯಿ ತೆರೆದುಕೊಂಡೇ ನಿಂತಿದ್ದ.

ಅವ್ವ ಎದ್ದು ನಿಂತು ಕೈ ಎತ್ತಿದಳು.

"ಸದ್ದಲೇ!"

ಮೈಲಾರದಲ್ಲಿ ಗೊರವಪ್ಪ ಎತ್ತರದ ಬಿಲ್ಲನ್ನೇರಿ ಕಾರಣಿಕವೆಂಬ ವರ್ಷದ ಭವಿಷ್ಯ ನುಡಿಯುವ ಮುನ್ನ, ಮೈದಾನದ ತುಂಬ ನೆರೆದ ಜನರನ್ನು ಸುಮ್ಮನಾಗಿಸುವ ಕೂಗು ಅದು. ಹುಡುಗಿಯರು ಸುಮ್ಮನಾದರು. ನಾನೂ ಸುಮ್ಮನಾದೆ. ಅವ್ವ ದಾಳ ಎಸೆದಳು, ಇಪ್ಪತ್ತಕ್ಕೆ ಇಪ್ಪತ್ತೂ ಬಿತ್ತು. ರಾಕ್ಷಸನೂ ಸುಮ್ಮನಾಗಿ ಗುಹೆಗೆ ಮರಳಿದನೆಂದು ಸುಮಾ ತೀರ್ಪು ಕೊಟ್ಟಳು. ನನ್ನ ಇಡೀ ಸರ್ವೀಸಿನಲ್ಲಿ ತರಗತಿಯೊಂದು ಹಾಗೆ ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ. ಹೆಮ್ಮೆಯಾಯಿತು, ಜೊತೆಗೆ ನಾಚಿಕೆಯೂ. ಕಂಡ ಕಂಡ ರಾಜರ ಪಾಠ ಮಾಡಿದವನು, ನಮ್ಮ ತಾತನ ಹೆಸರನ್ನು ಒಂದು ದಿನವೂ ಎತ್ತಿರಲಿಲ್ಲ.

ಈಗ ಜಮಖಾನದ ಮೇಲಿನ ನನ್ನ ಜಾಗ ಅವ್ವನದು. ಬಾಗಿಲ ಬಳಿ ಅವರೆಕಾಯಿ ಸುಲಿಯುವವನು ನಾನು. ತಾತನ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಆದರೆ ನಾನು ಬಾಯಿ ತೆರೆದರೆ ಸಾಕು, ಅವ್ವ ಕೈ ಎತ್ತುತ್ತಾಳೆ. ಮನೆಗೂ ಗಂಟೆ ಬಂದಂತಾಯಿತು.